ಡರ್ಬನ್‌ನ ಮಕ್ಕಳೊಂದಿಗೆ ನಮ್ಮ ಸರ್ಕಾರಿ ಶಾಲೆಯ ಮಕ್ಕಳೂ ಮಾತಾಡಲಿ: ಶಾಲಾ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಸಚಿವರು,
ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಇಲಾಖೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಮಾನ್ಯರೇ,

ನಮ್ಮ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳ ಆರು ಮತ್ತು ಏಳನೇ ತರಗತಿಯ ಮಕ್ಕಳು ದಕ್ಷಿಣ ಆಫ್ರಿಕದ ಡರ್ಬನ್ ನಗರದ ತಮ್ಮದೇ ವಯಸ್ಸಿನ ಮಕ್ಕಳೊಂದಿಗೆ ಜನಾಂಗೀಯ ತಾರತಮ್ಯದ ವಿಷಯವಾಗಿ ಅಂತರ್ಜಾಲದ ಮೂಲಕ ಮಾತಾಡುವಂತಾಗಬೇಕು, ಆ ಮಾತು ಒಂದು ದಿನದ ಕಾರ್ಯಕ್ರಮವಾಗಿ ಮುಗಿಯದೆ ಕೆಲವು ತಿಂಗಳ ಕಾಲ ನಡೆಯಬೇಕು, ಅದನ್ನು ಇಲಾಖೆಯೇ ಮುಂದೆ ನಿಂತು ಉತ್ತರ ಕನ್ನಡ ಜಿಲ್ಲೆಯ ಕೆಲವೇ ಶಾಲೆಗಳಲ್ಲಿ ಆರಂಭಿಸಬೇಕು ಎಂದು ಕೋರಿ ಈ ಪತ್ರವನ್ನು ಬರೆಯುತ್ತಿದ್ದೇನೆ. ಇಲಾಖೆಗೆ ಅರ್ಜಿ ಹಾಕುವ ಬದಲು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಇದು ಸುತ್ತೋಲೆಯೊಂದರಿಂದ ಆಗುವ ಕೆಲಸವಲ್ಲ. ಪಾಲಕರಿಗೂ ಶಿಕ್ಷಕರಿಗೂ ಇದರ ಒಳಿತು ಕೆಡುಕುಗಳೆರಡೂ ಮೊದಲೇ ತಿಳಿದಿರಬೇಕು. ನಾನು ಇದೇ ಜಿಲ್ಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದವನು.

ದೂರದ ಶಾಲೆಗಳ ಮಕ್ಕಳನ್ನು ಪರಸ್ಪರ ಮಾತಿಗೆ ಹಚ್ಚುವ ಯೋಚನೆ ಹೊಸದಲ್ಲ. ಫ್ರಾನ್ಸಿನ ಹಳ್ಳಿಯ ಮಾಸ್ತರರಾಗಿದ್ದ ಸೆಲೆಸ್ತಾಂ ಫ್ರೆನೆ 1920ರ ದಶಕದಲ್ಲೇ ತರಗತಿಯೊಳಗೆ ಸಣ್ಣ ಮುದ್ರಣ ಯಂತ್ರವನ್ನಿಟ್ಟು, ತಮ್ಮ ಮಕ್ಕಳು ಬರೆದದ್ದನ್ನು ದೇಶದ ಇನ್ನೊಂದು ಮೂಲೆಯಲ್ಲಿದ್ದ ಬ್ರಿಟನಿ ಪ್ರಾಂತದ ಶಾಲೆಗೆ ಅಂಚೆಯಲ್ಲಿ ಕಳಿಸಿ, ಅಲ್ಲಿನ ಮಕ್ಕಳ ಬರಹವನ್ನು ತರಿಸಿ ಓದಿಸುತ್ತಿದ್ದರು. ಶೀತಲ ಸಮರ ಇನ್ನೂ ಮುಗಿಯದಿದ್ದ 1988ರಲ್ಲಿ ನ್ಯೂಯಾರ್ಕ್ ರಾಜ್ಯದ ಮತ್ತು ಮಾಸ್ಕೋದ ಕೆಲವು ಶಾಲೆಗಳನ್ನು ಕಂಪ್ಯೂಟರ್ ಮೂಲಕ ಜೋಡಿಸಿದ ಪ್ರಯೋಗವೊಂದು ಮುಂದೆ ಐಅರ್ನ್ ಎಂಬ ಹೆಸರಿನಲ್ಲಿ ನೂರಕ್ಕೂ ಹೆಚ್ಚು ದೇಶಗಳಿಗೆ ಹಬ್ಬಿತು. ಭಾರತದ ಶಾಲೆಗಳೂ ಅದರಲ್ಲಿವೆ. ಆದರೆ ಇಂತಹ ಅವಕಾಶಗಳು ನಮ್ಮಲ್ಲಿ ಸಾಮಾನ್ಯವಾಗಿ ತಲುಪುವುದು ದೊಡ್ಡ ಊರುಗಳ ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಗಳಿಗೆ. ಜಗತ್ತಿನ ಜೊತೆ ಮಾತಾಡುವ ಅರ್ಹತೆ ಶುಲ್ಕದ ರಸೀದಿಯ ಜೊತೆಗೇ ಬರುತ್ತದೆ ಎಂಬಂತಿದೆ ಈ ವ್ಯವಸ್ಥೆ. ಅದರಲ್ಲೂ ತಾರತಮ್ಯದ ವಿಷಯ ಬಂದಾಗ, ಅದನ್ನು ದಿನವೂ ಉಂಡು ಬಲ್ಲ ಮಕ್ಕಳು ಹೊರಗುಳಿದು, ಅದರ ಬಗ್ಗೆ ಓದಿ ಬಲ್ಲ ಮಕ್ಕಳು ಭಾಷಣ ಮಾಡುವುದು ವಿಚಿತ್ರವೇ ಸರಿ.

ಜಿಲ್ಲೆಯ ಹೊರಗಿನ ಒಂದು ಶಾಲೆಯಲ್ಲಿ ನಡೆದ ಇಂತಹ ‘ಜಾಗತಿಕ ಸಂವಾದ’ವೊಂದನ್ನು ಅತಿಥಿಯಾಗಿ ಕುಳಿತು ನೋಡಿದ್ದೇನೆ. ದೊಡ್ಡ ಪರದೆ, ಹಿಂದೆ ಬ್ಯಾನರು, ಇಸ್ತ್ರಿ ಮಾಡಿದ ಸಮವಸ್ತ್ರ. ಆಚೆ ಬದಿಯ ಮಕ್ಕಳು ತಮ್ಮ ಊರಿನಲ್ಲಿ ಬಣ್ಣದ ಕಾರಣಕ್ಕೆ ನಡೆದ ಜಗಳವೊಂದನ್ನು ತಡವರಿಸುತ್ತ ಹೇಳಿದರು. ಈಚೆ ಬದಿಯ ವಿದ್ಯಾರ್ಥಿನಿ ಬಾಯಿಪಾಠ ಮಾಡಿದ ಇಂಗ್ಲಿಷ್‌ನಲ್ಲಿ, ಭಾರತದಲ್ಲಿ ಇಂಥದ್ದೇನೂ ಇಲ್ಲ, ನಾವು ವಿವಿಧತೆಯಲ್ಲಿ ಏಕತೆಯನ್ನು ನಂಬಿದವರು ಎಂದಳು. ಚಪ್ಪಾಳೆ ಬಿತ್ತು. ಹುಡುಗಿಯನ್ನು ದೂರುವಂತಿಲ್ಲ, ಬರೆದುಕೊಟ್ಟವರು ದೊಡ್ಡವರು. ಆದರೆ ಆಚೆ ಬದಿಯ ಮಕ್ಕಳ ಪಾಲಿಗೆ ಮಾತು ಅಲ್ಲಿಗೇ ಮುಗಿಯಿತು. ತನ್ನ ಮನೆಯ ಹುಳುಕನ್ನು ತೆರೆದು ತೋರಿಸಿದವನ ಎದುರು ನಮ್ಮ ಮನೆಯಲ್ಲಿ ಹುಳುಕೇ ಇಲ್ಲ ಎಂದ ಮೇಲೆ ಇನ್ನೇನು ಮಾತು ಉಳಿಯುತ್ತದೆ? ಇಲಾಖೆ ನಡೆಸಬಹುದಾದ ಯಾವುದೇ ಕಾರ್ಯಕ್ರಮ ಇದಕ್ಕೆ ತದ್ವಿರುದ್ಧವಾಗಿರಬೇಕು ಎಂಬುದೇ ನನ್ನ ಕೋರಿಕೆಯ ತಿರುಳು.

ಇಂಥದ್ದೇನೂ ನಮ್ಮಲ್ಲಿ ಇಲ್ಲವೇ? 2012ರ ಆಗಸ್ಟ್‌ನಲ್ಲಿ ಮೊಬೈಲ್ ಸಂದೇಶಗಳಲ್ಲಿ ಹಬ್ಬಿದ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು. ರೈಲ್ವೆ ಇಲಾಖೆ ವಿಶೇಷ ರೈಲುಗಳನ್ನೇ ಓಡಿಸಬೇಕಾಯಿತು. 2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೊರವಲಯದಲ್ಲಿ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಡಿಕ್ಕಿಯಾಗಿ ಮಹಿಳೆಯೊಬ್ಬರು ಮೃತಪಟ್ಟ ಬಳಿಕ ಸೇರಿದ ಗುಂಪು, ಆ ಅಪಘಾತಕ್ಕೆ ಯಾವ ಸಂಬಂಧವೂ ಇಲ್ಲದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಹಲ್ಲೆ ಮಾಡಿತು. ಇವು ಸುದ್ದಿಯಾದವು. ಸುದ್ದಿಯಾಗದ್ದು ನಮ್ಮ ಶಾಲೆಯ ಅಂಗಳದಲ್ಲೇ ಇದೆ. ವಾರ್ಷಿಕೋತ್ಸವದ ಸ್ವಾಗತ ನೃತ್ಯಕ್ಕೆ ಬೆಳ್ಳಗಿನ ಹುಡುಗಿಯರನ್ನು ಮುಂದಿನ ಸಾಲಿಗೆ ಆರಿಸಿ, ರಾಕ್ಷಸನ ಪಾತ್ರಕ್ಕೆ ಕಪ್ಪಗಿನ ಹುಡುಗನನ್ನು ಹುಡುಕುವವರು ನಾವೇ, ಶಿಕ್ಷಕರೇ. ಕಟ್ಟಡ ಕಾಯುವ ನೇಪಾಳಿ ದಂಪತಿಗಳ ಮಗನಿಗೆ ತರಗತಿಯಲ್ಲಿ ಯಾವ ಅಡ್ಡಹೆಸರಿದೆ ಎಂದು ಬೆಂಗಳೂರಿನ ಯಾವ ಶಿಕ್ಷಕಿಯನ್ನು ಕೇಳಿದರೂ ಹೇಳಿಯಾರು. ಇದೇ ನಾಡಿನ ಮಕ್ಕಳು ಮುಂದೆ ಮೆಲ್ಬರ್ನ್‌ಗೋ ಕ್ಯಾನ್ಸಸ್‌ಗೋ ಹೋಗಿ ತಮ್ಮ ಚರ್ಮದ ಬಣ್ಣಕ್ಕಾಗಿ ಪೆಟ್ಟು ತಿಂದಾಗ ನಾವು ಸಂಪಾದಕೀಯಗಳನ್ನು ಬರೆಯುತ್ತೇವೆ. ಆ ಸಿಟ್ಟು ನ್ಯಾಯವಾದದ್ದೇ. ಅರ್ಧಕ್ಕೆ ನಿಂತದ್ದೂ ಹೌದು.

ಅಮೆರಿಕವನ್ನು ಬಿಟ್ಟು ದಕ್ಷಿಣ ಆಫ್ರಿಕವೇ ಏಕೆ ಎಂದು ತಾವು ಕೇಳಬಹುದು. ಮೊದಲನೆಯದಾಗಿ ಗಡಿಯಾರ. ನಮ್ಮಲ್ಲಿ ಬಿಸಿಯೂಟ ಮುಗಿದು ಮಧ್ಯಾಹ್ನ ಎರಡೂವರೆಯಾದಾಗ ನ್ಯೂಯಾರ್ಕಿನ ಮಕ್ಕಳು ಇನ್ನೂ ಹಾಸಿಗೆಯಲ್ಲಿರುತ್ತಾರೆ. ಡರ್ಬನ್‌ನಲ್ಲಿ ಬೆಳಿಗ್ಗೆ ಹನ್ನೊಂದು ಗಂಟೆ, ಎರಡೂ ಕಡೆ ಶಾಲೆ ನಡೆಯುತ್ತಿರುತ್ತದೆ. ಅಲ್ಲಿಯೂ ಏಳನೇ ತರಗತಿ ಪ್ರಾಥಮಿಕ ಶಾಲೆಯ ಕೊನೆಯ ವರ್ಷ. ಲೋಡ್‌ಶೆಡ್ಡಿಂಗ್ ಎಂಬುದನ್ನು ಅಲ್ಲಿನ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಯೂ ಇಲ್ಲ, ಎಂಬುದು ಸಣ್ಣ ಅನುಕೂಲ.

ದೊಡ್ಡ ಕಾರಣ ಚರಿತ್ರೆಯದು. 1860ರ ನವೆಂಬರ್ 16ರಂದು ಮದರಾಸಿನಿಂದ ಹೊರಟ ಟ್ರೂರೋ ಎಂಬ ಹಡಗು ಡರ್ಬನ್ ಮುಟ್ಟಿತು. ಅಲ್ಲಿಂದ 1911ರವರೆಗೆ ಸುಮಾರು ಒಂದೂವರೆ ಲಕ್ಷ ಭಾರತೀಯರು ಕರಾರು ಕೂಲಿಗಳಾಗಿ ಡರ್ಬನ್ ಸುತ್ತಲಿನ ನಟಾಲ್ ಪ್ರಾಂತದ ಕಬ್ಬಿನ ತೋಟಗಳಿಗೆ ಹೋದರು. ಗಾಂಧೀಜಿ 1893ರಲ್ಲಿ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ರೈಲಿನಿಂದ ಹೊರದಬ್ಬಿಸಿಕೊಂಡ ಕತೆ ನಮ್ಮ ಪ್ರತಿ ಮಗುವಿಗೂ ಗೊತ್ತು. ಅವರು 1904ರಲ್ಲಿ ಕಟ್ಟಿದ ಫೀನಿಕ್ಸ್ ಆಶ್ರಮಕ್ಕೆ ಹತ್ತಿರದಲ್ಲೇ, ಇನಾಂಡದಲ್ಲಿ, ಜಾನ್ ದುಬೆ ಎಂಬ, ಕರಿಯರ ಜುಲು ಜನಾಂಗದ ನಾಯಕರು 1901ರಲ್ಲೇ ಕರಿಯ ಮಕ್ಕಳಿಗಾಗಿ ಓಹ್ಲಾಂಗೆ ಶಾಲೆಯನ್ನು ತೆರೆದಿದ್ದರು ಎಂಬುದು ಮಾತ್ರ ನಮ್ಮ ಪಾಠದಲ್ಲಿ ಬರುವುದಿಲ್ಲ. 1994ರ ಏಪ್ರಿಲ್ 27ರಂದು ನೆಲ್ಸನ್ ಮಂಡೇಲಾ ತಮ್ಮ ಜೀವನದ ಮೊದಲ ಮತವನ್ನು ಹಾಕಲು ಆರಿಸಿಕೊಂಡದ್ದು ಅದೇ ಶಾಲೆಯನ್ನು. ವರ್ಣಭೇದ ನೀತಿಯನ್ನು ಕಾನೂನಾಗಿಸಿದ ಆಳ್ವಿಕೆ 1950ರಲ್ಲಿ ಪ್ರತಿ ಮನುಷ್ಯನನ್ನೂ ಜನಾಂಗದ ಪಟ್ಟಿಯಲ್ಲಿ ನೋಂದಾಯಿಸಿ, ಯಾರು ಯಾವ ಬಡಾವಣೆಯಲ್ಲಿ ವಾಸಿಸಬೇಕೆಂದು ಗೆರೆ ಎಳೆಯಿತು. ಹೀಗೆ ಬಿಳಿಯರ ಕೆಳಗೆ, ಕರಿಯರ ಮೇಲೆ ಒಂದು ಮೆಟ್ಟಿಲಿನಲ್ಲಿ ಭಾರತೀಯರನ್ನು ನಿಲ್ಲಿಸಲಾಯಿತು.

ಆ ಮೆಟ್ಟಿಲಿನ ಕತೆಯೇ ನಮ್ಮ ಮಕ್ಕಳಿಗೆ ಬೇಕಾದದ್ದು. ಅಲ್ಲಿನ ಭಾರತೀಯರು ತಾರತಮ್ಯವನ್ನು ಅನುಭವಿಸಿದರು, ಮಂಡೇಲಾ ಅವರೊಂದಿಗೆ ಜೈಲಿಗೂ ಹೋದರು. ಅದೇ ಸಮುದಾಯದೊಳಗೆ ಕರಿಯರನ್ನು ಕೀಳಾಗಿ ಕಾಣುವ ರೂಢಿಯೂ ಬೆಳೆಯಿತು. 1949ರ ಜನವರಿಯಲ್ಲಿ ಡರ್ಬನ್‌ನಲ್ಲಿ ಭಾರತೀಯರ ವಿರುದ್ಧ ಗಲಭೆಯಾಗಿ ಅಧಿಕೃತ ಲೆಕ್ಕದಂತೆಯೇ 142 ಮಂದಿ ಸತ್ತರು. 2021ರ ಜುಲೈನಲ್ಲಿ, ಮೂಲತಃ ಭಾರತೀಯರಿಗೆಂದೇ ಕಟ್ಟಿದ ಫೀನಿಕ್ಸ್ ಬಡಾವಣೆಯಲ್ಲಿ ಮೂವತ್ತಕ್ಕೂ ಹೆಚ್ಚು ಜನರ ಕೊಲೆಯಾಯಿತು. ಸತ್ತವರಲ್ಲಿ ಬಹುಪಾಲು ಕರಿಯರು. ಇಂದು ಆ ಬಡಾವಣೆಯ ಶಾಲೆಗಳಲ್ಲಿ ಭಾರತೀಯ ಮೂಲದ ಮಕ್ಕಳೂ ಜುಲು ಮಕ್ಕಳೂ ಒಂದೇ ಬೆಂಚಿನಲ್ಲಿ ಕುಳಿತು ಓದುತ್ತಾರೆ. ತುಳಿಸಿಕೊಂಡವನೇ ಇನ್ನೊಬ್ಬನನ್ನು ತುಳಿಯಬಲ್ಲ ಎಂಬುದನ್ನು ನಮ್ಮ ಏಳನೇ ತರಗತಿಯ ಹುಡುಗನಿಗೆ ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ಆ ಬೆಂಚಿನ ಮಕ್ಕಳು ಹೇಳಬಲ್ಲರು.

ಈ ವಯಸ್ಸಿನ ಮಕ್ಕಳಿಗೆ ಇಷ್ಟು ಕಹಿ ಬೇಕೇ ಎಂಬ ಆಕ್ಷೇಪ ಬಂದೇ ಬರುತ್ತದೆ. 1976ರಲ್ಲಿ ಸೊವೆಟೊ ಎಂಬ ಬಡಾವಣೆಯ ಕರಿಯ ಮಕ್ಕಳ ಮೇಲೆ ಆಳುವ ಬಿಳಿಯರ ಭಾಷೆಯಾದ ಆಫ್ರಿಕಾನ್ಸ್ ಮಾಧ್ಯಮವನ್ನು ಹೇರಿದಾಗ ಮೊದಲು ತರಗತಿ ಬಹಿಷ್ಕರಿಸಿದವರು ಒಂದು ಕಿರಿಯ ಮಾಧ್ಯಮಿಕ ಶಾಲೆಯ ಮಕ್ಕಳು. ಜೂನ್ 16ರ ಮೆರವಣಿಗೆಯ ಮೇಲೆ ಪೊಲೀಸರು ಹಾರಿಸಿದ ಗುಂಡಿಗೆ ಬಲಿಯಾದ ಹೆಕ್ಟರ್ ಪೀಟರ್ಸನ್‌ಗೆ ಹನ್ನೆರಡು ವರ್ಷ. ತಾರತಮ್ಯ ಮಾಡುವವರು ಮಕ್ಕಳ ವಯಸ್ಸನ್ನು ನೋಡಿ ತಡೆದು ನಿಂತ ಉದಾಹರಣೆ ಚರಿತ್ರೆಯಲ್ಲಿಲ್ಲ. ಅಮೆರಿಕದಲ್ಲಿ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ದಂಪತಿಗಳು ನಡೆಸಿದ ಗೊಂಬೆಯ ಪ್ರಯೋಗದಲ್ಲಿ ಮೂರರಿಂದ ಏಳು ವರ್ಷದ ಕರಿಯ ಮಕ್ಕಳಲ್ಲೇ ಹೆಚ್ಚಿನವರು ಬಿಳಿ ಗೊಂಬೆಯನ್ನು ಒಳ್ಳೆಯದೆಂದು ಆರಿಸಿದ್ದರು. 1954ರಲ್ಲಿ ಶಾಲೆಗಳ ಪ್ರತ್ಯೇಕತೆಯನ್ನು ರದ್ದುಪಡಿಸಿದ ಅಲ್ಲಿನ ಸುಪ್ರೀಂ ಕೋರ್ಟಿನ ತೀರ್ಪು ಕೆನೆತ್ ಕ್ಲಾರ್ಕ್ ಅವರ ಬರಹವನ್ನು ಉಲ್ಲೇಖಿಸಿತು. ಹನ್ನೆರಡಕ್ಕೆ ಬರುವ ಹೊತ್ತಿಗೆ ಮಗು ಎಲ್ಲವನ್ನೂ ಕೇಳಿಸಿಕೊಂಡಿರುತ್ತದೆ. ಆದರೆ ಹೈಸ್ಕೂಲಿಗೆ ಹೋಗಿ ಗುಂಪು ಕಟ್ಟಿಕೊಳ್ಳುವ ಮೊದಲು, ಇದು ಹೀಗೇಕೆ ಎಂದು ಎದುರು ನಿಂತು ಕೇಳುವ ದಿಟ್ಟತನವೂ ಅದಕ್ಕೆ ಇನ್ನೂ ಉಳಿದಿರುತ್ತದೆ. ಎಸ್‌ಎಸ್‌ಎಲ್‌ಸಿಯ ಭೂತ ಹೆಗಲೇರದ ವಯಸ್ಸೂ ಅದೇ.

ಈಗ ಉತ್ತರ ಕನ್ನಡದ ಮಾತು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಜೋಯಿಡಾ, ಅಂಕೋಲಾ ತಾಲ್ಲೂಕುಗಳ ಕಾಡಂಚಿನಲ್ಲಿ ವಾಸಿಸುವ ಸಿದ್ದಿ ಸಮುದಾಯದ ಪೂರ್ವಿಕರು ಆಫ್ರಿಕದವರು. ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದವರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಹಿಂದೂ, ಕ್ರೈಸ್ತ, ಮುಸ್ಲಿಂ ಮೂರೂ ಧರ್ಮದ ಸಿದ್ದಿಯರು ನಮ್ಮ ಜಿಲ್ಲೆಯಲ್ಲಿದ್ದಾರೆ. 2003ರಲ್ಲಿ ಅವರು ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಇಷ್ಟಾದರೂ ಸಿದ್ದಿ ಯುವಕನೊಬ್ಬ ಬೆಂಗಳೂರಿನ ಬಸ್ಸಿನಲ್ಲಿ ಕನ್ನಡ ಮಾತಾಡಿದರೆ ಪಕ್ಕದವರು ತಿರುಗಿ ನೋಡಿ, ಯಾವ ದೇಶ ಎಂದು ಕೇಳುತ್ತಾರೆ. ನಾಲ್ಕು ಶತಮಾನಗಳಷ್ಟು ಹಳೆಯ ವಾಸಕ್ಕೂ ಈ ಪ್ರಶ್ನೆ ತಪ್ಪಿಲ್ಲ. ಜನಾಂಗದ ಪ್ರಶ್ನೆ ನಮ್ಮ ರಾಜ್ಯಕ್ಕೆ ಪರದೇಶದ ಪಾಠವಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಆದರೆ ಇಲ್ಲೇ ಅತಿ ದೊಡ್ಡ ಅಪಾಯವೂ ಇದೆ, ಅದನ್ನು ಬಿಡಿಸಿಯೇ ಹೇಳಬೇಕು. ಕಾರ್ಯಕ್ರಮ ಎಂದೊಡನೆ ನಮ್ಮ ಅಧಿಕಾರಿಗಳಿಗೆ ಮೊದಲು ಹೊಳೆಯುವುದು ಸಿದ್ದಿ ಮಕ್ಕಳಿಂದ ಡಮಾಮಿ ಬಾರಿಸಿ ಕುಣಿಸಿ, ಆಫ್ರಿಕದ ಮಕ್ಕಳಿಗೆ ಕ್ಯಾಮೆರಾದಲ್ಲಿ ತೋರಿಸುವುದು. ಅಲ್ಲಿಗೆ ಆ ಮಗು ಮಾತಾಡುವವನಾಗಿ ಉಳಿಯದೆ ನೋಡುವ ವಸ್ತುವಾಗುತ್ತದೆ. 1980ರ ದಶಕದ ಕೊನೆಯಲ್ಲಿ, ಆಫ್ರಿಕದ ಮೂಲದವರಾದ್ದರಿಂದ ಓಟದಲ್ಲಿ ಪದಕ ತಂದಾರು ಎಂಬ ಎಣಿಕೆಯಿಂದ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತ್ತು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತು, ಅನೇಕ ಮಕ್ಕಳು ಓದೂ ಆಟವೂ ಅರ್ಧಕ್ಕೆ ನಿಂತು ಊರಿಗೆ ಮರಳಿದರು. ಸದುದ್ದೇಶದ ಯೋಜನೆಯ ಅಡಿಗಲ್ಲಿನಲ್ಲೇ ಜನಾಂಗದ ಬಗೆಗಿನ ಪೂರ್ವಗ್ರಹವಿರಬಹುದು ಎಂಬುದನ್ನು ಆ ಅನುಭವ ಕಲಿಸಿರಬೇಕಿತ್ತು. ಆದ್ದರಿಂದ ನನ್ನ ಮೊದಲ ಷರತ್ತು ಇದು: ಯಾವ ಮಗುವನ್ನೂ ಅದರ ಸಮುದಾಯದ ಪ್ರತಿನಿಧಿಯೆಂದು ಮುಂದೆ ನಿಲ್ಲಿಸಬಾರದು. ಸಿದ್ದಿ, ಹಾಲಕ್ಕಿ, ಹವ್ಯಕ, ನಾಮಧಾರಿ, ನವಾಯತ ಎನ್ನದೆ ಇಡೀ ತರಗತಿ ಬರೆಯಬೇಕು. ಏನು ಬರೆಯಬೇಕು, ಏನನ್ನು ಬರೆಯಬಾರದು ಎಂಬುದು ಆಯಾ ಮಗುವಿನ ಇಷ್ಟ. ತನ್ನ ನೋವನ್ನು ಹೇಳದಿರುವ ಹಕ್ಕೂ ಹೇಳುವ ಹಕ್ಕಿನಷ್ಟೇ ದೊಡ್ಡದು.

ಎರಡನೆಯದು ಜಾತಿ. ಡರ್ಬನ್‌ನ ಮಗು, ನಿಮ್ಮಲ್ಲಿ ಇದು ಹೇಗೆ ಎಂದು ಕೇಳಿದಾಗ ನಮ್ಮ ಮಗುವಿಗೆ ಚರ್ಮದ ಬಣ್ಣಕ್ಕಿಂತ ಮೊದಲು ಊರ ದೇವಸ್ಥಾನವೋ ಬಾವಿಯೋ ನೆನಪಾಗುತ್ತದೆ. ಅಡುಗೆ ಮಾಡಿದವರು ದಲಿತರು ಎಂಬ ಕಾರಣಕ್ಕೆ ಮಕ್ಕಳು ಬಿಸಿಯೂಟ ಬಿಟ್ಟ ಸುದ್ದಿ ನಮ್ಮ ರಾಜ್ಯದಿಂದ ಒಂದಕ್ಕಿಂತ ಹೆಚ್ಚು ಬಾರಿ ವರದಿಯಾಗಿದೆ. ಇದನ್ನು ವಿದೇಶದ ಮಕ್ಕಳೆದುರು ಹೇಳಬಹುದೇ ಎಂಬ ಅಳುಕು ಇಲಾಖೆಗೆ ಇದ್ದೇ ಇರುತ್ತದೆ, ಏಕೆಂದರೆ ಆ ಅಳುಕು ಸರ್ಕಾರಕ್ಕೂ ಇದೆ. ವಿಶ್ವಸಂಸ್ಥೆಯ 1965ರ ಜನಾಂಗೀಯ ತಾರತಮ್ಯ ನಿರ್ಮೂಲನಾ ಒಡಂಬಡಿಕೆಯನ್ನು ಭಾರತ 1968ರಲ್ಲೇ ಅನುಮೋದಿಸಿತು. ಅದರ ಮೊದಲ ವಿಧಿಯಲ್ಲಿರುವ ವಂಶಮೂಲದ ತಾರತಮ್ಯದೊಳಗೆ ಜಾತಿಯೂ ಬರುತ್ತದೆಂದು ಒಡಂಬಡಿಕೆಯ ಸಮಿತಿ 2002ರಲ್ಲಿ ಸ್ಪಷ್ಟವಾಗಿ ಹೇಳಿತು. ಭಾರತ ಸರ್ಕಾರ ಅದನ್ನು ಒಪ್ಪುವುದಿಲ್ಲ. ಅದಕ್ಕೂ ಹಿಂದಿನ ವರ್ಷ ಜನಾಂಗೀಯ ತಾರತಮ್ಯದ ವಿರುದ್ಧದ ವಿಶ್ವ ಸಮ್ಮೇಳನ ನಡೆದದ್ದು ಅದೇ ಡರ್ಬನ್‌ನಲ್ಲಿ. ಜಾತಿಯ ಪ್ರಶ್ನೆಯನ್ನು ಅಲ್ಲಿ ಎತ್ತಬೇಕೆಂದು ದಲಿತ ಸಂಘಟನೆಗಳೂ ಎತ್ತಕೂಡದೆಂದು ನಮ್ಮ ಸರ್ಕಾರವೂ ಪಟ್ಟು ಹಿಡಿದಿದ್ದವು. ಆ ವಾದ ಅಂತರರಾಷ್ಟ್ರೀಯ ಕಾನೂನಿನದು, ಅದನ್ನು ದೊಡ್ಡವರು ಮುಂದುವರಿಸಲಿ. ತರಗತಿಯಲ್ಲಿ ಕುಳಿತ ಮಗು ತಾನು ಕಂಡದ್ದನ್ನು ಬರೆದರೆ ಅದನ್ನು ಅಳಿಸಬೇಡಿ ಎಂದಷ್ಟೇ ನಾನು ಕೇಳುತ್ತಿದ್ದೇನೆ. ಬಾಬಾಸಾಹೇಬ್ ಅಂಬೇಡ್ಕರ್ ಅವರು 1946ರಲ್ಲಿ ಕರಿಯರ ಚಿಂತಕ ಡಬ್ಲ್ಯು.ಇ.ಬಿ. ಡು ಬಾಯ್ಸ್ ಅವರಿಗೆ ಪತ್ರ ಬರೆದು, ಅಸ್ಪೃಶ್ಯರ ಮತ್ತು ಅಮೆರಿಕದ ಕರಿಯರ ಸ್ಥಿತಿಯ ಸಾಮ್ಯವನ್ನು ಎತ್ತಿ ಹೇಳಿದ್ದರು, ಉತ್ತರವೂ ಬಂದಿತ್ತು. ಅದರಿಂದ ದೇಶದ ಮಾನಕ್ಕೇನೂ ಕುಂದು ಬರಲಿಲ್ಲ.

ಇನ್ನು ನಡೆಸುವ ಬಗೆ. ಭಿನ್ನ ಗುಂಪುಗಳ ಸಂಪರ್ಕದಿಂದ ಪೂರ್ವಗ್ರಹ ಕಡಿಮೆಯಾಗಬೇಕಾದರೆ ಇಬ್ಬರೂ ಸಮಾನ ನೆಲೆಯಲ್ಲಿರಬೇಕು, ಒಂದೇ ಗುರಿಗಾಗಿ ಕೂಡಿ ದುಡಿಯಬೇಕು, ಮೇಲಿನವರ ಬೆಂಬಲವಿರಬೇಕು ಎಂದು ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್ಪೋರ್ಟ್ 1954ರಲ್ಲೇ ಹೇಳಿದ್ದರು. ವಿಡಿಯೊ ಕರೆಯಲ್ಲಿ ಈ ಸಮಾನ ನೆಲೆ ಮೊದಲ ನಿಮಿಷದಲ್ಲೇ ಕುಸಿಯುತ್ತದೆ: ಇಂಗ್ಲಿಷ್ ಚೆನ್ನಾಗಿ ಬರುವ ಇಬ್ಬರು ಮಾತಾಡುತ್ತಾರೆ, ಮೂವತ್ತು ಮಕ್ಕಳು ಪ್ರೇಕ್ಷಕರಾಗುತ್ತಾರೆ, ನಡುವೆ ನೆಟ್‌ವರ್ಕ್ ಹೋಗುತ್ತದೆ. ಯಲ್ಲಾಪುರದ ಒಳಹಳ್ಳಿಗಳಲ್ಲಿ ಫೋನ್ ಹಿಡಿದು ಗುಡ್ಡ ಹತ್ತುವುದು ಇಂದಿಗೂ ತಪ್ಪಿಲ್ಲ. ಆದ್ದರಿಂದ ಬರಹವೇ ಮೊದಲಾಗಲಿ. ಮಕ್ಕಳು ಕನ್ನಡದಲ್ಲಿ, ಅಥವಾ ತಮ್ಮ ಮನೆಮಾತಿನಲ್ಲಿ, ಕೈಯಲ್ಲಿ ಬರೆಯಲಿ ಇಲ್ಲವೇ ಧ್ವನಿಮುದ್ರಿಸಲಿ. ವಾರಕ್ಕೊಮ್ಮೆ ನೆಟ್‌ವರ್ಕ್ ಇರುವ ಜಾಗದಿಂದ ಶಿಕ್ಷಕರು ಅದನ್ನು ಕಳಿಸಲಿ. ಆಚೆಯವರು ಜುಲು ಭಾಷೆಯಲ್ಲೋ ಇಂಗ್ಲಿಷಿನಲ್ಲೋ ಉತ್ತರಿಸಲಿ. ಯಂತ್ರಾನುವಾದವನ್ನು ಬಳಸಿದರೂ ಅದನ್ನು ಮನುಷ್ಯರೊಬ್ಬರು ಓದಿ ತಿದ್ದದೆ ಮಕ್ಕಳ ಕೈಗೆ ಕೊಡಬಾರದು, ಏಕೆಂದರೆ ನೋವಿನ ಮಾತಿನಲ್ಲಿ ಒಂದು ಪದ ತಪ್ಪಿದರೂ ಅದು ಬೈಗುಳವಾಗಿ ತಲುಪಬಹುದು. ಈ ಕೆಲಸಕ್ಕೆ ನಿವೃತ್ತ ಶಿಕ್ಷಕರೂ ವಿದೇಶದಲ್ಲಿರುವ ಕನ್ನಡಿಗರೂ ಸಂತೋಷದಿಂದ ಬರುತ್ತಾರೆ. ನಾಲ್ಕಾರು ಪತ್ರಗಳು ಹೋಗಿ ಬಂದ ಮೇಲೆ, ಪರಸ್ಪರ ಹೆಸರು ಪರಿಚಯವಾದ ಮೇಲೆ, ಒಮ್ಮೆ ಮುಖಾಮುಖಿ ಕರೆ ಮಾಡಿದರೆ ಸಾಕು.

ಕೂಡಿ ಮಾಡುವ ಕೆಲಸವೂ ಒಂದಿರಲಿ. ಹೇಳುವುದಾದರೆ, ಎರಡೂ ಕಡೆಯ ಮಕ್ಕಳು ತಮ್ಮ ಊರಿನಲ್ಲಿ ಯಾರ ಮನೆ ಎಲ್ಲಿದೆ, ಯಾರು ಯಾವ ಕೆಲಸ ಮಾಡುತ್ತಾರೆ, ಹಾಗೇಕೆ ಆಯಿತು ಎಂದು ಅಜ್ಜ ಅಜ್ಜಿಯರನ್ನು ಕೇಳಿ ನಕ್ಷೆ ಬಿಡಿಸಬಹುದು. ಕಾನೂನಿನಿಂದ ಎಳೆದ ಗೆರೆಯೂ ರೂಢಿಯಿಂದ ಎಳೆದ ಗೆರೆಯೂ ನಕ್ಷೆಯಲ್ಲಿ ಒಂದೇ ಥರ ಕಾಣುತ್ತವೆ.

ದಿನದ ಆಯ್ಕೆಯಲ್ಲೂ ಸ್ವಲ್ಪ ಯೋಚಿಸಬೇಕು. ಮಾರ್ಚ್ 21 ಜನಾಂಗೀಯ ತಾರತಮ್ಯ ನಿರ್ಮೂಲನೆಯ ಅಂತರರಾಷ್ಟ್ರೀಯ ದಿನವೆಂದು ಅಂದೇ ಉದ್ಘಾಟನೆ ಇಟ್ಟುಕೊಳ್ಳುವ ಉತ್ಸಾಹ ಯಾರಿಗಾದರೂ ಬಂದೀತು. 1960ರಲ್ಲಿ ಶಾರ್ಪ್‌ವಿಲ್‌ನಲ್ಲಿ 69 ಜನ ಪೊಲೀಸರ ಗುಂಡಿಗೆ ಬಲಿಯಾದ ಆ ದಿನ ದಕ್ಷಿಣ ಆಫ್ರಿಕದಲ್ಲಿ ಮಾನವ ಹಕ್ಕುಗಳ ದಿನ, ಶಾಲೆಗೆ ರಜೆ. ನಮ್ಮಲ್ಲಿ ಪರೀಕ್ಷೆಯ ಗಡಿಬಿಡಿ. ಅವರ ಶಾಲಾ ವರ್ಷ ಜನವರಿಗೆ ಆರಂಭ, ನಮ್ಮದು ಬೇಸಿಗೆ ರಜೆ ಮುಗಿದ ಮೇಲೆ. ಅವರ ಚಳಿಗಾಲದ ರಜೆಯೂ ನಮ್ಮ ದಸರೆಯೂ ಅಡ್ಡ ಬರದ ಜುಲೈ ಕೊನೆಯಿಂದ ಸೆಪ್ಟೆಂಬರ್‌ವರೆಗಿನ ಕಾಲವೇ ಸರಿಯಾದದ್ದು.

ಮಕ್ಕಳ ಸುರಕ್ಷತೆಯಲ್ಲಿ ರಾಜಿ ಇರಬಾರದು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಹದಿನೆಂಟರ ಕೆಳಗಿನವರೆಲ್ಲ ಮಕ್ಕಳು, ಅವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕು. ದಕ್ಷಿಣ ಆಫ್ರಿಕದ ಕಾನೂನಿನ ಗಡಿಯೂ ಅದೇ. ಯಾವ ಮಗುವಿನ ಹೆಸರಿನಲ್ಲೂ ಖಾತೆ ತೆರೆಯದೆ ಶಾಲೆಯ ಒಂದೇ ಖಾತೆಯಿಂದ ಎಲ್ಲವೂ ನಡೆಯಲಿ, ಮಕ್ಕಳ ಪತ್ರಗಳೂ ಫೋಟೊಗಳೂ ಇಲಾಖೆಯ ಫೇಸ್‌ಬುಕ್ ಪುಟಕ್ಕೆ ಹೋಗದಿರಲಿ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಓದು ಬಾರದ ಪಾಲಕರಿಗೂ ಅರ್ಥವಾಗುವಂತೆ ವಿವರಿಸಿ, ಬೇಡ ಎಂದವರ ಮಗುವಿಗೆ ಅದರಿಂದ ತೊಂದರೆಯಾಗದಂತೆ ನೋಡಿಕೊಳ್ಳಬೇಕು.

ಎಲ್ಲಕ್ಕಿಂತ ಕಷ್ಟದ್ದು ಶಿಕ್ಷಕರ ಸಿದ್ಧತೆ. ತರಗತಿಯಲ್ಲಿ ಒಬ್ಬ ಹುಡುಗ, ಅವರು ಹಾಗಿರುವುದರಿಂದಲೇ ಹಾಗೆ ಕರೆಯುತ್ತೇವೆ, ಅದರಲ್ಲಿ ತಪ್ಪೇನು ಎಂದು ಕೇಳಿಬಿಡುತ್ತಾನೆ. ಗದರಿಸಿ ಕೂರಿಸಿದರೆ ಅವನು ಇನ್ನು ಮುಂದೆ ಸರಿಯಾದದ್ದನ್ನು ಹೇಳುತ್ತಾನೆಯೇ ಹೊರತು ಅನಿಸಿದ್ದನ್ನು ಹೇಳುವುದಿಲ್ಲ. ಸುಮ್ಮನೆ ಬಿಟ್ಟರೆ ಪಕ್ಕದಲ್ಲಿ ಕುಳಿತವಳಿಗೆ ಅನ್ಯಾಯ. ಈ ಎರಡರ ನಡುವೆ ಮಾತನ್ನು ನಡೆಸುವ ಕೌಶಲವನ್ನು ನಮ್ಮ ಡಿ.ಇಡಿ.ಯಲ್ಲಿ ಯಾರೂ ಕಲಿಸಲಿಲ್ಲ. ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆಯಾದ ಡಯಟ್‌ನಲ್ಲಿ ಕಾರ್ಯಕ್ರಮಕ್ಕೆ ಮೊದಲೇ ಭಾಗವಹಿಸುವ ಶಿಕ್ಷಕರನ್ನು ಕೂರಿಸಿ, ಸಿದ್ದಿ ಮತ್ತು ದಲಿತ ಸಮುದಾಯದ ಶಿಕ್ಷಕರನ್ನೇ ಸಂಪನ್ಮೂಲ ವ್ಯಕ್ತಿಗಳನ್ನಾಗಿಸಿ ತರಬೇತಿ ನಡೆಸಬೇಕು. ಆನ್‌ಲೈನ್ ಮಾಡ್ಯೂಲ್ ನೋಡಿ ಪ್ರಮಾಣಪತ್ರ ಇಳಿಸಿಕೊಳ್ಳುವ ತರಬೇತಿಯಾದರೆ ದಯವಿಟ್ಟು ಬೇಡ. ಇದಕ್ಕೆ ಮತ್ತೊಂದು ವಹಿ, ಮತ್ತೊಂದು ವರದಿ, ಅಪ್‌ಲೋಡ್ ಮಾಡಬೇಕಾದ ಫೋಟೊಗಳು ಎಂದಾದರೂ ಶಿಕ್ಷಕರು ಮೊದಲ ತಿಂಗಳಲ್ಲೇ ಕೈಬಿಡುತ್ತಾರೆ.

ಆರು ಶಾಲೆಗಳು, ಒಂದು ಅವಧಿ: ಮೊದಲ ವರ್ಷಕ್ಕೆ ಇಷ್ಟೇ ಸಾಕು. ಡರ್ಬನ್ ಕಡೆಯ ಶಾಲೆಗಳನ್ನು ಗುರುತಿಸಲು ಅಲ್ಲಿರುವ ಭಾರತದ ಕಾನ್ಸುಲೇಟ್ ಕಚೇರಿಯ ನೆರವನ್ನು ಇಲಾಖೆ ಕೇಳಬಹುದು. ಭಾರತೀಯ ಮೂಲದ ಮಕ್ಕಳು ಮಾತ್ರವೇ ಇರುವ ಶಾಲೆಯನ್ನು ಅವರು ಸೂಚಿಸಿದರೆ ವಿನಯದಿಂದ ಬೇಡವೆನ್ನಬೇಕು. ಮುಂದಿನ ಶೈಕ್ಷಣಿಕ ವರ್ಷದ ಕ್ರಿಯಾಯೋಜನೆ ಅಂತಿಮವಾಗುವ ಮೊದಲು ಯಲ್ಲಾಪುರ ಮತ್ತು ಮುಂಡಗೋಡಗಳಲ್ಲಿ ಪಾಲಕರ, ಶಿಕ್ಷಕರ ಒಂದೊಂದು ಸಭೆ ಕರೆಯಲು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ತಾವು ಸೂಚಿಸಬೇಕೆಂದು ವಿನಂತಿಸುತ್ತೇನೆ. ಆ ಸಭೆಗಳಲ್ಲಿ ಬೇಡ ಎಂಬ ಮಾತು ಬಂದರೆ, ಕಾರಣಗಳನ್ನು ಬರೆದಿಟ್ಟುಕೊಂಡು ಪ್ರಕಟಿಸಬೇಕೆಂದೂ ಕೋರುತ್ತೇನೆ. ಅನುವಾದದ ಕೆಲಸಕ್ಕೆ ನಾನೂ ನನ್ನ ಕೆಲವು ಹಳೆಯ ಸಹೋದ್ಯೋಗಿಗಳೂ ಸಂಭಾವನೆಯಿಲ್ಲದೆ ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕ,
ಉತ್ತರ ಕನ್ನಡ ಜಿಲ್ಲೆ